ಕಾರಿನ ಬಾಗಿಲು ತೆಗೆಯುವವನ ಸಿನಿಮಾ

ಹೀರೋ ಎಂಟ್ರಿಗೆ ಶಿಳ್ಳೆ ಹೊಡೆಯಬೇಡಿ ಅಂತ ಹೇಳುವ ಜಾತಿಯವನಲ್ಲ ನಾನು. ನಾನೂ ಹೊಡೆದವನೇ, ಗಂಟಲು ಕಟ್ಟಿಸಿಕೊಂಡು ಮನೆಗೆ ಹೋದವನೇ. ಆದರೆ ಮಿತ್ರರೇ, ಶೋ ಬಿಟ್ಟು, ನೂಕುನುಗ್ಗಲಿನಲ್ಲಿ ಹೊರಗೆ ಬಂದು, ಅರ್ಧ ಟೀ ಕುಡಿದು, ಬಸ್ ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿ ಕೂತ ಮೇಲೆ ನಿಮ್ಮ ಕಣ್ಣೆದುರು ಯಾರ ಮುಖ ಉಳಿದಿರುತ್ತೆ? ನನ್ನ ಪರೀಕ್ಷೆ ಇದೊಂದೇ. ಐದಕ್ಕೆ ಎಷ್ಟು ಸ್ಟಾರು, ಹತ್ತಕ್ಕೆ ಎಷ್ಟು ಮಾರ್ಕ್ಸು ಅಂತ ಲೆಕ್ಕ ಹಾಕೋದು ನನಗೆ ಒಗ್ಗೋದಿಲ್ಲ. ಮಾರ್ಕ್ಸ್ ಕಾರ್ಡಿನ ಸಹವಾಸವೇ ಸಾಕಪ್ಪಾ ಅಂತ ಪಿಯುಸಿಗೇ ಕೈಮುಗಿದು ಬಂದವನ ಹತ್ತಿರ ಇನ್ನೇನು ನಿರೀಕ್ಷಿಸ್ತೀರಿ!

ಈಚೆಗೆ ನೋಡಿದ ಚಿತ್ರಗಳನ್ನು ಈ ಪರೀಕ್ಷೆಗೆ ಹಚ್ಚಿ ನೋಡಿದರೆ ಒಂದು ವಿಚಿತ್ರ ಕಾಣುತ್ತೆ. ಉಳಿದ ಮುಖಗಳಲ್ಲಿ ಮುಕ್ಕಾಲು ಪಾಲು ಹೀರೋಗಳದ್ದಲ್ಲ. ಹೀರೋ ಪಕ್ಕದಲ್ಲಿ, ಹಿಂದೆ, ಬಾಗಿಲ ಹತ್ತಿರ ನಿಂತವರದ್ದು. ಕೆಲವು ಚಿತ್ರಗಳಲ್ಲಂತೂ ಬಾಗಿಲ ಹತ್ತಿರ ನಿಲ್ಲಬೇಕಾಗಿದ್ದವನೇ ನಡುಮನೆಗೆ ಬಂದು ಕೂತಿದ್ದಾನೆ. ಇದು ನನಗೆ ಯಾಕೆ ಮುಖ್ಯ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಸಿನಿಮಾ.

ರವಿಯಣ್ಣನಿಗೆ ಒಂದು ನಮಸ್ಕಾರ

2025ರ ಜುಲೈ 25ರಂದು ‘ಸು ಫ್ರಮ್ ಸೋ’ ಬಂದಾಗ ಅದರ ಪೋಸ್ಟರಿನಲ್ಲಿ ಗಾಂಧಿನಗರ ಬೆಚ್ಚಿಬೀಳುವಂಥ ಮುಖ ಒಂದೂ ಇರಲಿಲ್ಲ. ಬರೆದು, ನಿರ್ದೇಶಿಸಿ, ಅಶೋಕನ ಪಾತ್ರ ಮಾಡಿದವರು ಜೆ.ಪಿ. ತೂಮಿನಾಡು, ಕರಾವಳಿಯ ರಂಗಭೂಮಿಯಿಂದ ಬಂದವರು, ಕನ್ನಡದಲ್ಲಿ ನಿರ್ದೇಶಕರಾಗಿ ಮೊದಲ ಚಿತ್ರ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ತಮ್ಮ ಹೆಸರಿನ ಬಲದ ಮೇಲೆ ಚಿತ್ರವನ್ನೆಲ್ಲ ಆವರಿಸಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಒಬ್ಬ ಗುರೂಜಿಯಾಗಿ ತಡವಾಗಿ ಬಂದು, ನಗಿಸಿ, ಪಕ್ಕಕ್ಕೆ ಸರಿದರು. ಕಥೆ ಏನಪ್ಪಾ ಅಂದ್ರೆ, ಕರಾವಳಿಯ ಒಂದು ಊರು. ಅಲ್ಲೊಬ್ಬ ಪಡ್ಡೆ ಹುಡುಗ ಮಾಡಬಾರದ ಕಡೆ ಇಣುಕಿ ಸಿಕ್ಕಿಬೀಳ್ತಾನೆ. ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದಂತೆ ಆಡ್ತಾನೆ. ದೆವ್ವದ ಹೆಸರು ಸೋಮೇಶ್ವರದ ಸುಲೋಚನ! ಆಮೇಲೆ ಇಡೀ ಊರೇ ದೆವ್ವದ ಕೈಗೆ ಸಿಕ್ಕಿಹಾಕಿಕೊಳ್ಳುತ್ತೆ.

ಮೊದಲ ದಿನ ಕೈಬೆರಳೆಣಿಕೆಯ ಶೋಗಳು. ಭಾನುವಾರದ ಹೊತ್ತಿಗೆ ಟಿಕೆಟ್ಟೇ ಇಲ್ಲ. ಕೊನೆಗೆ ನೂರು ಕೋಟಿ ದಾಟಿತು ಅಂತ ಪತ್ರಿಕೆಗಳು ಬರೆದವು. ಯಾವ ಕಟೌಟ್ ಮಾಡಿದ ಕೆಲಸ ಇದು? ಯಾವ ಹಾಲಿನ ಅಭಿಷೇಕ? ಒಂದೂ ಅಲ್ಲ. ನೋಡಿದವನು ನೋಡದವನಿಗೆ ‘ಹೋಗಿ ನೋಡೋ’ ಅಂದದ್ದು, ಅಷ್ಟೇ.

ಬಸ್ಸಿನಲ್ಲಿ ಕೂತಾಗ ನನಗೆ ಉಳಿದ ಮುಖ ಶನೀಲ್ ಗೌತಮ್ ಮಾಡಿದ ರವಿಯಣ್ಣನದ್ದು. ಊರಿಗೆ ಏನಾದರೂ ಆದರೆ ಮುಂದೆ ನಿಲ್ಲಬೇಕಾದವನು, ಮದುವೆಗೂ ಬೇಕು, ಸಾವಿಗೂ ಬೇಕು, ಸ್ವಂತಕ್ಕೆ ಮಾತ್ರ ಮದುವೆಯಿಲ್ಲ. ಪ್ರತಿ ಊರಲ್ಲೂ ಇಂಥವನೊಬ್ಬ ಇರ್ತಾನೆ, ನಿಮ್ಮೂರಲ್ಲೂ ಇದ್ದಾನೆ. ಹಳೇ ಲೆಕ್ಕದಲ್ಲಿ ಈತ ಪಂಚಾಯ್ತಿ ಕಟ್ಟೆಯ ಒಂದು ದೃಶ್ಯಕ್ಕೆ ಬಂದು ಮೀಸೆ ತಿರುವಿ ಹೋಗಬೇಕಿತ್ತು. ಇಲ್ಲಿ ಚಿತ್ರದ ನಗುವೂ ಅವನೇ, ಬೆನ್ನುಮೂಳೆಯೂ ಅವನೇ. ನಗಿಸಿ ನಗಿಸಿ ಕೊನೆಗೆ ಸುಲೋಚನಳ ಮಗಳು ಭಾನುವಿನ ಸಂಕಟದ ಮುಂದೆ ನಿಲ್ಲಿಸಿದಾಗ, ಅಷ್ಟು ಹೊತ್ತು ನಕ್ಕಿದ್ದ ಹುಡುಗರ ಬಾಯಿ ತಾನಾಗಿ ಮುಚ್ಚಿತು. ಕುಚೇಷ್ಟೆಯಿಂದ ಶುರುವಾದ ಕಥೆ ಹೆಣ್ಣಿನ ಮಾನಕ್ಕೆ ಬಂದು ನಿಲ್ಲೋದು ಸುಲಭದ ಮಾತಲ್ಲ. ಒಂದೇ ದೂರು: ನಡುವೆ ಕೆಲವು ಕಡೆ ಅದೇ ಹಾಸ್ಯವನ್ನ ಎರಡೆರಡು ಸಲ ಬಡಿಸಿದ್ದಾರೆ. ಹೊಟ್ಟೆ ತುಂಬಿದವನಿಗೆ ಮತ್ತೆ ಹೋಳಿಗೆ ಹಾಕಿದ ಹಾಗೆ.

ಸುಬ್ಬಣ್ಣನ ಹೋಟೆಲು

ರಂಗಾಯಣ ರಘು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಕಿರುಚುವ ಪೊಲೀಸು, ಕಣ್ಣು ಹೊರಳಿಸುವ ವಿಲನ್ನು, ಹೀರೋ ಕೈಲಿ ಏಟು ತಿನ್ನುವ ಮಾವ. ಮೈಸೂರಿನಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ಪಳಗಿದ ನಟನನ್ನ ನಮ್ಮವರು ವರ್ಷಗಟ್ಟಲೆ ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೇ ಬಡಿಸಿದರು. 2024ರ ಫೆಬ್ರವರಿಯಲ್ಲಿ ಬಂದ, ಸಂದೀಪ್ ಸುಂಕದ್ ನಿರ್ದೇಶನದ ‘ಶಾಖಾಹಾರಿ’ಯಲ್ಲಿ ಅವರೇ ಊಟ.

ಮಲೆನಾಡಿನ ಒಂದು ಸಣ್ಣ ಹೋಟೆಲು. ಮಾಲೀಕ, ಅಡಿಗೆಯವನು ಎಲ್ಲಾ ಸುಬ್ಬಣ್ಣನೇ. ಒಂಟಿ ಜೀವ. ಪೊಲೀಸರಿಂದ ತಪ್ಪಿಸಿಕೊಂಡು ಗಾಯಗೊಂಡು ಬಂದ ಒಬ್ಬ ಆರೋಪಿ ಅಲ್ಲಿ ಅಡಗಿಕೊಳ್ತಾನೆ. ಅಲ್ಲಿಂದ ತರಕಾರಿ ಹೆಚ್ಚುವ ಕೈಗೆ ಬೇರೆಯದೇ ಕೆಲಸ ಬೀಳುತ್ತೆ. ಮುಂದಿನದ್ದನ್ನ ನಾನು ಹೇಳಿದರೆ ನಿಮ್ಮ ದುಡ್ಡು ದಂಡ. ರಘು ಇಲ್ಲಿ ಕಿರುಚೋದೇ ಇಲ್ಲ. ಹಿಟ್ಟು ಕಲೆಸ್ತಾರೆ, ಲೋಟ ಇಡ್ತಾರೆ, ಸುಮ್ಮನೆ ನೋಡ್ತಾರೆ. ಆ ಸುಮ್ಮನಿರುವಿಕೆ ನೋಡಿ ನನಗೆ ಬೆವರು ಬಂತು ಸ್ವಾಮಿ! ಎದುರಿಗೆ ಗೋಪಾಲಕೃಷ್ಣ ದೇಶಪಾಂಡೆ, ಸುಸ್ತಾಗಿ ಹೋದ ಪೊಲೀಸ್ ಅಧಿಕಾರಿ. ಕಾಯಿಲೆಯ ಹೆಂಡತಿಗಾಗಿ ವರ್ಗಾವಣೆ ಬೇಕು ಅವನಿಗೆ, ಅಷ್ಟೇ ಅವನ ಆಸೆ. ಇಬ್ಬರು ‘ಪೋಷಕ ನಟರು’ ಎದುರುಬದುರು ಕೂತರೆ ಇಡೀ ಚಿತ್ರ ಹೊರಬಹುದು ಅಂತ ತೋರಿಸಿದ ಮೇಲೂ ನಾವು ‘ಹೀರೋ ಇಲ್ಲ, ಓಪನಿಂಗ್ ಇಲ್ಲ’ ಅಂತಲೇ ಹಾಡ್ತಾ ಕೂರಬೇಕಾ?

ಗಿರಿಜಾ ಮೇಡಂ ಬಂದ್ರು, ದಾರಿ ಬಿಡಿ!

ಇನ್ನು ‘ಭೀಮ’. 2024ರ ಆಗಸ್ಟ್ 9. ದುನಿಯಾ ವಿಜಯ್ ‘ಸಲಗ’ ಆದಮೇಲೆ ನಿರ್ದೇಶಿಸಿದ ಎರಡನೇ ಚಿತ್ರ. ಗಾಂಜಾ, ಮಾತ್ರೆ ಅಂತ ಬೆಂಗಳೂರಿನ ಗಲ್ಲಿಗಳಲ್ಲಿ ಹಾಳಾಗುವ ಹುಡುಗರ ಕಥೆ. ಗಲ್ಲಿ ಭಾಷೆ ಗೊತ್ತಿರುವ ನಿರ್ದೇಶಕ, ಚರಣ್ ರಾಜ್ ಅವರ ಸಂಗೀತ, ಮುಂದಿನ ಸಾಲಿನ ಹುಡುಗರ ಶಿಳ್ಳೆ... ಎಲ್ಲ ಸರಿ. ಆದರೆ ರಕ್ತ ಜಾಸ್ತಿ, ಬೈಗುಳ ಅದಕ್ಕಿಂತ ಜಾಸ್ತಿ. ಹಾಳಾಗಬೇಡಿ ಅಂತ ಬುದ್ಧಿ ಹೇಳುವ ಚಿತ್ರ ಅರ್ಧ ಹೊತ್ತು ಹಾಳಾಗೋದನ್ನೇ ಗತ್ತಿನಿಂದ ತೋರಿಸಿದರೆ ಪಕ್ಕದ ಸೀಟಿನ ಹದಿನೆಂಟರ ಹುಡುಗ ಯಾವುದನ್ನ ಮನೆಗೆ ಒಯ್ತಾನೆ ಅನ್ನೋ ಅನುಮಾನ ನನ್ನದು.

ಆದರೆ ಅಂದು ಥಿಯೇಟರಿನಲ್ಲಿ ಅತಿ ದೊಡ್ಡ ಶಿಳ್ಳೆ ಬಿದ್ದದ್ದು ಯಾರಿಗೆ ಗೊತ್ತಾ? ಇನ್ಸ್‌ಪೆಕ್ಟರ್ ಗಿರಿಜಾಗೆ! ರಂಗಭೂಮಿಯ ಪ್ರಿಯಾ ಶಠಮರ್ಷಣ ಮಾಡಿದ ಪಾತ್ರ. ಆಕೆ ಲಾಠಿ ಹಿಡಿದು ನಡೆದು ಬಂದರೆ ಸಾಕು, ಹೀರೋಗೆ ಎಬ್ಬಿಸುವ ಸದ್ದನ್ನೇ ಹುಡುಗರು ಆಕೆಗೂ ಎಬ್ಬಿಸಿದರು. ಕುಣಿಯಲಿಲ್ಲ, ಮಳೆಯಲ್ಲಿ ನೆನೆಯಲಿಲ್ಲ, ಯಾರನ್ನೂ ಪ್ರೀತಿಸಲಿಲ್ಲ. ಡ್ಯೂಟಿ ಮಾಡಿದಳು, ಅಷ್ಟೇ. ಪ್ರೇಕ್ಷಕರು ಒಪ್ಪಲ್ಲ, ಒಪ್ಪಲ್ಲ ಅನ್ನುವ ನಿರ್ಮಾಪಕರು ಆ ದಿನ ನನ್ನ ಪಕ್ಕ ಕೂತಿರಬೇಕಿತ್ತು.

ದೊಡ್ಡದು, ಆದರೆ...

2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ ಅಧ್ಯಾಯ 1’ ಬಗ್ಗೆ ಮಾತಾಡದಿದ್ದರೆ ನೀವು ಬಿಡೋದಿಲ್ಲ. ರಿಷಬ್ ಶೆಟ್ಟಿಯವರ ಶ್ರಮಕ್ಕೆ ಎರಡು ಮಾತಿಲ್ಲ. ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಲೋಕನಾಥ್ ಸಂಗೀತ, ಕದಂಬರ ಕಾಲ, ಕಾಡು, ರಥ, ಯುದ್ಧ... ಕಣ್ಣು ತುಂಬುತ್ತೆ. ಕಿವಿಯೂ ತುಂಬುತ್ತೆ, ಸ್ವಲ್ಪ ಹೆಚ್ಚಾಗಿಯೇ!

ಆದರೂ 2022ರ ‘ಕಾಂತಾರ’ವನ್ನ ನಾನು ಬಿಟ್ಟುಕೊಡೋದಿಲ್ಲ. ಅಲ್ಲಿ ಮಾನಸಿ ಸುಧೀರ್ ಮಾಡಿದ ತಾಯಿ ಕಮಲಾ ಮಗನಿಗೆ ಬೈಯ್ಯೋದು, ಶಿವನ ಜೊತೆಯ ಪುಂಡರು ರಾತ್ರಿ ಹಂದಿ ಬೇಟೆಗೆ ಹೋಗೋದು, ಮೀನು, ಹೆಂಡ, ಜಗಳ — ಊರು ಊರಾಗಿತ್ತು. ದೈವ ಆ ಊರಿನ ನಡುವೆ ಬಂತು, ಅದಕ್ಕೇ ಕೊನೆಯ ಇಪ್ಪತ್ತು ನಿಮಿಷ ರೋಮ ನಿಮಿರಿತು. ಹೊಸದರಲ್ಲಿ ಜನ ಇದ್ದಾರೆ, ಸಾವಿರಾರು ಇದ್ದಾರೆ. ಅವರಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ನೆನಪಿದೆ? ಅದರಲ್ಲೂ ಗೆದ್ದವರು ರುಕ್ಮಿಣಿ ವಸಂತ್. ರಾಜಕುಮಾರಿ ಕನಕವತಿ ಮೊದಲು ಅಲಂಕಾರದ ಗೊಂಬೆ ಅಂತಲೇ ಅಂದುಕೊಂಡಿರ್ತೀರಿ. ಕೊನೆಯ ಭಾಗದಲ್ಲಿ ಆಕೆಗೆ ಕೊಟ್ಟ ತಿರುವು ನೋಡಿ ಆಮೇಲೆ ಮಾತಾಡಿ.

ಲಾಜಿಕ್ ಇಲ್ಲ ಗುರು!

ಅದೇ ರುಕ್ಮಿಣಿ ವಸಂತ್ ನೆಪದಲ್ಲಿ ದೀಪಾವಳಿ ರಜೆಗೆ ಮತ್ತೊಮ್ಮೆ ನೋಡಿದ್ದು ‘ಸಪ್ತ ಸಾಗರದಾಚೆ ಎಲ್ಲೋ’. ಹೊಸದಲ್ಲ, ಮೊದಲ ಭಾಗ 2023ರ ಸೆಪ್ಟೆಂಬರ್ 1ಕ್ಕೆ ಬಂದದ್ದು, ಎರಡನೆಯದು ಅದೇ ವರ್ಷದ ನವೆಂಬರ್ 17ಕ್ಕೆ. ಹೇಮಂತ್ ಎಂ. ರಾವ್ ನಿರ್ದೇಶನ. ಕಥೆ ನಿಮಗೆ ಗೊತ್ತಿರುತ್ತೆ. ಮನು ಒಬ್ಬ ಶ್ರೀಮಂತನ ಕಾರ್ ಡ್ರೈವರು. ಪ್ರಿಯಾಳಿಗೆ ಸಮುದ್ರದ ಹತ್ತಿರ ಒಂದು ಮನೆ ಬೇಕು. ಯಜಮಾನರ ಮನೆಯ ಕಾರಿನಿಂದ ಆದ ಒಂದು ಸಾವು. ಆ ತಪ್ಪನ್ನ ನೀನು ಹೊತ್ತುಕೋ, ದುಡ್ಡು ಕೊಡ್ತೀವಿ, ಬೇಗ ಬಿಡಿಸ್ತೀವಿ ಅಂತಾರೆ. ಮನು ಒಪ್ತಾನೆ. ಬಿಡಿಸುವವನೇ ಸತ್ತುಹೋಗ್ತಾನೆ. ಮನು ಒಳಗೇ ಉಳೀತಾನೆ.

ಚಿತ್ರ ಬಂದಾಗ ನಮ್ಮ ಹುಡುಗರಲ್ಲಿ ಅರ್ಧ ಮಂದಿ ಅತ್ತರು, ಇನ್ನರ್ಧ ಮಂದಿ ‘ಲಾಜಿಕ್ ಇಲ್ಲ ಗುರು! ಯಾವ ಮುಠ್ಠಾಳ ಹೀಗೆ ಒಪ್ಕೋತಾನೆ?’ ಅಂದರು. ನಾನು ಅದಕ್ಕೆ ಏನೂ ಉತ್ತರ ಕೊಟ್ಟಿರಲಿಲ್ಲ. ಪ್ರೀತಿ ಕುರುಡು, ಸಿನಿಮಾ ಕಥೆ, ಬಿಡಿ ಅಂತ ಸುಮ್ಮನಾಗಿದ್ದೆ.

ಈ ಸಲ ನನ್ನ ರೂಮಿನಲ್ಲಿ ಜೊತೆಗೆ ಕೂತು ನೋಡಿದವನು ನಮ್ಮಣ್ಣ. ತಿಪಟೂರು ಬಿಟ್ಟು ನನಗಿಂತ ಮೊದಲೇ ಬೆಂಗಳೂರಿಗೆ ಬಂದವನು. ಒಬ್ಬರ ಮನೆಯಲ್ಲಿ ಒಂಬತ್ತು ವರ್ಷ ಕಾರು ಓಡಿಸಿದ. ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಎರಡು ತಿಂಗಳು ಖಾಲಿ ಕೂತು, ಆಮೇಲೆ ಬಾಡಿಗೆಗೆ ಒಂದು ಟಾಟಾ ಏಸ್ ಹಿಡಿದ. ಈಗಲೂ ಕಲಾಸಿಪಾಳ್ಯದಿಂದ ತರಕಾರಿ ಹೊಡೀತಾನೆ. ‘ಎಸಿ ಕಾರಲ್ಲಿ ಕೂತಿದ್ದೋನು ಈರುಳ್ಳಿ ಮೂಟೆ ಹೊರೋ ಹಾಗಾಯ್ತಲ್ಲ’ ಅಂತ ಅಪ್ಪ ಇವತ್ತಿಗೂ ಬೈತಾರೆ.

ಮನು ಒಪ್ಪಿಕೊಳ್ಳುವ ದೃಶ್ಯ ಬಂತು. ಅಣ್ಣ ಎದ್ದು ಪಾಜ್ ಮಾಡಿದ.

‘ನನ್ನೂ ಕೇಳಿದ್ರು ಕಣೋ’ ಅಂದ.

ಯಜಮಾನರ ಮಗ ರಾತ್ರಿ ಕಾರು ತಗೊಂಡು ಹೋಗಿ ಒಂದು ಸ್ಕೂಟರಿಗೆ ಗುದ್ದಿದ್ದನಂತೆ. ಸ್ಕೂಟರಿನಲ್ಲಿದ್ದ ಹೆಂಗಸಿನ ಕೈ ಮುರಿದಿತ್ತು. ಪ್ರಾಣಕ್ಕೇನೂ ಆಗಿರಲಿಲ್ಲ. ಬೆಳಿಗ್ಗೆ ಯಜಮಾನರು ಅಣ್ಣನನ್ನ ಒಳಗೆ ಕರೆದು, ಸೋಫಾದ ಮೇಲೆ ಕೂರಿಸಿ — ಒಂಬತ್ತು ವರ್ಷದಲ್ಲಿ ಮೊದಲನೇ ಸಲ ಕೂರಿಸಿದ್ದು — ಕಾಫಿ ಕೊಟ್ಟು, ‘ನೀನೇ ಓಡಿಸ್ತಿದ್ದೆ ಅಂತ ಹೇಳಿಬಿಡು. ಮಿಕ್ಕಿದ್ದು ನಾವು ನೋಡ್ಕೋತೀವಿ. ನಿನ್ನ ಮಗಳ ಸ್ಕೂಲ್ ಫೀಸು ಹತ್ತನೇ ಕ್ಲಾಸಿನವರೆಗೂ ನಂದು’ ಅಂದರಂತೆ.

‘ನೀನೇನಂದೆ?’

‘ಒಂದು ರಾತ್ರಿ ಟೈಮ್ ಕೊಡಿ ಸಾರ್ ಅಂದೆ. ಸುಳ್ಳು ಯಾಕೆ ಹೇಳಲಿ, ಒಪ್ಕೊಳ್ಳೋಣ ಅಂತಾನೇ ಮನೆಗೆ ಹೋದೆ. ನಿಮ್ಮತ್ತಿಗೆ ಎಲ್ಲಾ ಕೇಳಿಸ್ಕೊಂಡ್ಳು. ಫೀಸು ಅವರು ಕಟ್ತಾರೆ ಸರಿ, ನಾಳೆ ಅವಳ ಫ್ರೆಂಡ್ಸು ನಿಮ್ಮಪ್ಪ ಪೊಲೀಸ್ ಸ್ಟೇಷನ್ನಿಗೆ ಯಾಕೆ ಹೋದ್ರು ಅಂತ ಕೇಳಿದ್ರೆ ಅವಳೇನು ಹೇಳಬೇಕು ಅದನ್ನೂ ಅವರನ್ನೇ ಕೇಳ್ಕೊಂಡು ಬನ್ನಿ ಅಂದ್ಳು. ಬೆಳಿಗ್ಗೆ ಹೋಗಿ ಟೇಬಲ್ ಮೇಲೆ ಕೀ ಇಟ್ಟೆ.’

ಯಜಮಾನರು ಕೂಗಾಡಲಿಲ್ಲವಂತೆ. ಆ ತಿಂಗಳ ಸಂಬಳ ಎಣಿಸಿ ಕೊಟ್ಟು, ನಾಳೆಯಿಂದ ಬರೋದು ಬೇಡ ಅಂದರಂತೆ. ಅಷ್ಟೇ.

ನಾನು ಸುಮ್ಮನೆ ಕೂತಿದ್ದೆ. ಅಣ್ಣನೇ ಮತ್ತೆ ಪ್ಲೇ ಒತ್ತಿದ. ‘ಇವನನ್ನ ಮುಠ್ಠಾಳ ಅಂತಾರಾ ನಿಮ್ಮ ಪೇಪರ್‌ನೋರು? ಮನೆ ಅನ್ನೋ ಆಸೆ ಯಾರನ್ನ ಬೇಕಾದ್ರೂ ಆ ಸೋಫಾ ಮೇಲೆ ಕೂರಿಸಿಬಿಡತ್ತೆ ಕಣೋ. ನನಗೆ ಹೇಳೋರೊಬ್ಬರಿದ್ರು, ಅದಕ್ಕೆ ಎದ್ದು ಬಂದೆ’ ಅಂದ.

ಮಿತ್ರರೇ, ಲಾಜಿಕ್ ಅಂದ್ರೆ ಇದು. ‘ಹೀಗೆಲ್ಲಾ ಆಗಲ್ಲ’ ಅಂತ ನಾವು ಅನ್ನೋದು ಕೆಲವು ಸಲ ‘ನನಗೆ ಹೀಗಾಗಿಲ್ಲ’ ಅನ್ನೋದರ ಇನ್ನೊಂದು ರೂಪ. ಹಳೇ ಚಿತ್ರಗಳಲ್ಲಿ ಶ್ರೀಮಂತರ ಮನೆಯ ಡ್ರೈವರ್ ಏನು ಮಾಡ್ತಿದ್ದ? ಬಂಗಲೆ ಮುಂದೆ ಕಾರು ನಿಲ್ಲಿಸಿ, ಓಡಿ ಬಂದು ಬಾಗಿಲು ತೆಗೆದು, ಸಲಾಮು ಹೊಡೆದು ಮಾಯವಾಗ್ತಿದ್ದ. ಅವನು ಎಲ್ಲಿ ಊಟ ಮಾಡ್ತಾನೆ, ಅವನ ಮಗಳ ಫೀಸು ಎಷ್ಟು ಅಂತ ಕ್ಯಾಮೆರಾ ಕೇಳ್ತಿರಲಿಲ್ಲ. ಶಂಕರ್‌ನಾಗ್ ‘ಆಟೋರಾಜ’ ಆದಾಗಲೂ ಖಾಕಿ ಅಂಗಿಯೊಳಗೆ ಇದ್ದದ್ದು ಸ್ಟಾರೇ, ನಾವು ಸೋಲೋದಿಲ್ಲ ಅಂತ ಗೊತ್ತಿತ್ತು. ಮನು ಸೋಲ್ತಾನೆ. ರಕ್ಷಿತ್ ಶೆಟ್ಟಿ ಆ ಸೋಲನ್ನ ಭುಜದ ಮೇಲೆ ಹೊತ್ತು ನಡೆದ ರೀತಿಗೆ ನನ್ನದೊಂದು ಸಲಾಂ. ಅಂದಹಾಗೆ ಎರಡನೇ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಹತ್ತು ವರ್ಷ ಜೈಲಿನಲ್ಲಿ ಕಳೆದು ಬಂದವನ ಮೌನ ಚೆನ್ನಾಗಿತ್ತು, ಹೊಡೆದಾಟಕ್ಕೆ ಇಳಿದ ಮೇಲೆ ಮಾಮೂಲಾಯಿತು. ಆದರೆ ಅಲ್ಲಿ ಸುರಭಿಯಾಗಿ ಚೈತ್ರಾ ಆಚಾರ್ ಇದ್ದಾರೆ ನೋಡಿ, ಮತ್ತೆ ಪಕ್ಕದಲ್ಲಿ ನಿಂತವರೇ ಗೆದ್ದರು!

ಇದನ್ನ ಬರೀಲಾ ಅಂತ ಅಣ್ಣನನ್ನ ಕೇಳಿದೆ. ‘ಬರಿ. ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ನಿನ್ನ ಪೇಪರ್ ತಪ್ಪದೇ ತರ್ತಾರಲ್ಲ, ಓದಲಿ. ನನ್ನ ಬಾಯಲ್ಲಿ ಹೇಳೋಕಾಗ್ಲಿಲ್ಲ’ ಅಂದ. ಅಪ್ಪಾ, ನೀವು ಇದನ್ನ ಓದ್ತಾ ಇದ್ರೆ, ಈರುಳ್ಳಿ ಮೂಟೆಯ ಹಿಂದಿನ ಕಥೆ ಇಷ್ಟು. ಇನ್ನು ಮೇಲೆ ಬೈಬೇಡಿ.

ಸೋಮವಾರದ ಶೋ

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಗೋಳು ಹೇಳದಿದ್ದರೆ ಲೇಖನ ಪೂರ್ತಿಯಾಗದು. ಇಂಥ ಚಿತ್ರಗಳನ್ನ ನಾವು ನೋಡೋದೆಲ್ಲಿ? ಬೆಂಗಳೂರಿನ ಕಾವೇರಿ ಚಿತ್ರಮಂದಿರ 1974ರಲ್ಲಿ ಶುರುವಾಗಿ, ಐವತ್ತು ವರ್ಷ ಓಡಿ, 2024ರಲ್ಲಿ ಬಾಗಿಲು ಹಾಕಿತು. ಮೆಜೆಸ್ಟಿಕ್ ಕಡೆ ಕಪಾಲಿ ಅದಕ್ಕೂ ಮೊದಲೇ ನೆಲಸಮ. ಮಲ್ಟಿಪ್ಲೆಕ್ಸಿಗೆ ಹೋಗೋಣ ಅಂದ್ರೆ ಟಿಕೆಟ್ಟಿನ ರೇಟು ನೋಡಿ ಜೇಬೇ ಹಿಂದೆ ಎಳೆಯುತ್ತೆ. ಗರಿಷ್ಠ 200 ರೂಪಾಯಿ, ಮೇಲೆ ತೆರಿಗೆ, ಅಂತ ಸರ್ಕಾರ 2025ರ ಸೆಪ್ಟೆಂಬರ್ 12ಕ್ಕೆ ಆದೇಶ ಮಾಡಿತು. ಅದೇ ತಿಂಗಳ 23ಕ್ಕೆ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಅದಾಗಿ ಒಂಬತ್ತೇ ದಿನಕ್ಕೆ ‘ಕಾಂತಾರ ಅಧ್ಯಾಯ 1’ ತೆರೆಗೆ! ನಾನಂತೂ ಸಿಂಗಲ್ ಸ್ಕ್ರೀನಿನ ಕ್ಯೂನಲ್ಲೇ ನಿಂತೆ.

ದೊಡ್ಡ ಸ್ಟಾರಿನ ಚಿತ್ರಕ್ಕೆ ರೇಟು ಎಷ್ಟಾದರೂ ಶುಕ್ರವಾರ ನಾವು ಹೋಗ್ತೀವಿ, ಸಾಲ ಮಾಡಿಯಾದರೂ ಹೋಗ್ತೀವಿ. ಪೆಟ್ಟು ಬೀಳೋದು ಸುಬ್ಬಣ್ಣನಂಥವರಿಗೆ. ‘ಸು ಫ್ರಮ್ ಸೋ’ಗೆ ಬಂದ ಅದೃಷ್ಟ ಎಲ್ಲರಿಗೂ ಬರೋದಿಲ್ಲ. ಮೂರು ದಿನ ಕುರ್ಚಿ ಖಾಲಿ ಇದ್ದರೆ ಸೋಮವಾರ ಶೋ ಕಿತ್ತು ಇನ್ನೊಂದಕ್ಕೆ ಕೊಡ್ತಾರೆ. ಥಿಯೇಟರಿನವರನ್ನ ಬೈದು ಪ್ರಯೋಜನ ಇಲ್ಲ; ಕರೆಂಟ್ ಬಿಲ್ಲು ಅವರೂ ಕಟ್ಟಬೇಕು. ‘ಮೊಬೈಲಿಗೆ ಬಂದ ಮೇಲೆ ನೋಡಿದ್ರಾಯ್ತು’ ಅಂತ ನಾವು ನೀವು ಮನೆಯಲ್ಲಿ ಕೂತ ದಿನವೇ ಆ ಚಿತ್ರದ ಆಯುಸ್ಸು ಮುಗಿದಿರುತ್ತೆ. ಆಮೇಲೆ ‘ಎಂಥಾ ಒಳ್ಳೇ ಸಿನಿಮಾ, ಯಾರೂ ನೋಡ್ಲೇ ಇಲ್ಲ’ ಅಂತ ಲೊಚಗುಟ್ಟಿ ಏನು ಫಲ?

ನಮ್ಮ ನೆಚ್ಚಿನ ಹೀರೋ ಚಿತ್ರಕ್ಕೆ ವರ್ಷಕ್ಕೊಂದು ಸಲ ಹಾರ ಹಾಕೋಣ, ಪಟಾಕಿಯೂ ಹೊಡೆಯೋಣ. ಅದರ ಜೊತೆಗೆ ತಿಂಗಳಿಗೆ ಒಂದು ಸಲ, ಪೋಸ್ಟರಿನಲ್ಲಿ ಗೊತ್ತಿರುವ ಮುಖ ಒಂದೂ ಇಲ್ಲದ ಒಂದು ಕನ್ನಡ ಚಿತ್ರಕ್ಕೆ ಮೊದಲ ಮೂರು ದಿನದೊಳಗೆ ಹೋಗಿ ಕೂರೋಣ. ಚೆನ್ನಾಗಿಲ್ಲದಿದ್ದರೆ ಮುಲಾಜಿಲ್ಲದೆ ಬೈಯಿರಿ, ದುಡ್ಡು ಕೊಟ್ಟವರಿಗೆ ಆ ಹಕ್ಕಿದೆ. ಚೆನ್ನಾಗಿದ್ದರೆ ಪಕ್ಕದ ಮನೆಯವನಿಗೆ ಹೇಳಿ. ಈ ಶನಿವಾರ ಸೆಕೆಂಡ್ ಶೋಗೆ ನಾನು ಹೋಗ್ತಿದ್ದೀನಿ. ಬೆಳಗಿನ ಜಾವದ ಲೋಡ್ ಇಲ್ಲ ಅಂದ್ರೆ ಅಣ್ಣನೂ ಬರ್ತಾನಂತೆ.